ಕರ್ನಲ್ ಮೆಡೋಸ್ ಟೇಲರನ ಆತ್ಮಚರಿತ್ರೆಯೂ ಸುರಪುರದ ಇತಿಹಾಸವೂ

೧

ಸುರಪುರದ ಬೇಡ ನಾಯಕರ ಸಂಸ್ಥಾನದ ಕೊನೆಗಾಲದ ವೃತ್ತಾಂತವನ್ನು ಬರೆಯಲುದ್ಯುಕ್ತರಾದವರು ಬಹುಮಟ್ಟಿಗೆ ಒಂದೇ ಗ್ರಂಥವನ್ನು ಆಶ್ರಯಿಸಿರುತ್ತಾರೆ. ಅದು ಕರ್ನಲ್ ಫಿಲಿಪ್ ಮೆಡೋಸ್ ಟೇಲರನು ತನ್ನ ಮುಪ್ಪಿನಲ್ಲಿ ಇಂಗ್ಲಿಷಿನಲ್ಲಿ ಬರೆದಿಟ್ಟ 'ನನ್ನ ಬಾಳಿನ ಕಥೆ' ಎಂಬ ಆತ್ಮಚರಿತ್ರೆ. ಗ್ರಂಥಕರ್ತನು ೧೮೭೬ರಲ್ಲಿ ಮೃತನಾದ ಬಳಿಕ, ಅವನ ಮಗಳು ಅದನ್ನು ಪರಿಷ್ಕರಿಸಿ ೧೮೭೭ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದಳು. ಅವನ ಬಂಧುವೂ ಆಪ್ತನೂ ಆದ ಹೆನ್ರಿ ರೀವ್ ಎಂಬುವನು ಅದಕ್ಕೆ ಮುನ್ನುಡಿ ಬರೆದನು. ೧೮೪೧ರಿಂದ ೧೮೫೩ರವರೆಗೆ ಸುರಪುರದಲ್ಲಿ ನಡೆದುದೇನು, ೧೮೫೮ರಲ್ಲಿ ರಾಜಾ ವೆಂಕಟಪ್ಪ ನಾಯಕನು ಹೇಗೆ ಅಳಿದನು ಎಂಬ ಪ್ರಶ್ನೆಗಳು ಬಂದಾಗಲೆಲ್ಲ ಟೇಲರನ ಮಾತೇ ಪ್ರಮಾಣವೆಂದು ಉದ್ಧೃತವಾಗುತ್ತ ಬಂದಿದೆ. ಕೆಲವರು ಅದನ್ನು ಕಣ್ಣು ಮುಚ್ಚಿ ನಂಬುವರು. ಮತ್ತೆ ಕೆಲವರು ಪರಕೀಯನ ಬರಹವೆಂದು ಒಮ್ಮೆಗೇ ತಳ್ಳಿಹಾಕುವರು. ಈ ಎರಡು ಮಾರ್ಗಗಳೂ ಸಾಧುವಲ್ಲ. ಆ ಗ್ರಂಥದ ಸ್ವರೂಪವೆಂತಹುದು, ಅದರ ಯಾವ ಭಾಗಕ್ಕೆ ಎಷ್ಟು ಬೆಲೆ ಕಟ್ಟಬೇಕು ಎಂಬುದನ್ನು ನಿರ್ಣಯಿಸದೆ ಸುರಪುರದ ಇತಿಹಾಸವನ್ನು ಬರೆದರೆ, ಒಂದು ಸಂಸ್ಥಾನದ ಅಳಿವಿನ ಕಥೆಯನ್ನು ಅದರ ಮೇಲ್ವಿಚಾರಕನಾಗಿದ್ದವನ ಬಾಯಿಂದ ಮಾತ್ರ ಕೇಳಿದಂತಾಗುವುದು.

೨

ಟೇಲರನ ಜೀವಿತದ ಕ್ರಮವನ್ನು ಮೊದಲು ಅರಿತುಕೊಳ್ಳುವುದು ಅವಶ್ಯಕ. ೧೮೦೮ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿದ ಅವನು, ಹದಿನೈದು ವರ್ಷದ ಬಾಲಕನಾಗಿದ್ದಾಗಲೇ ಒಬ್ಬ ವರ್ತಕನ ಬಳಿ ಕೆಲಸಕ್ಕೆಂದು ಮುಂಬಯಿಗೆ ಬಂದನು. ಆ ವರ್ತಕನ ವ್ಯಾಪಾರವು ಕುಸಿದಿದ್ದುದರಿಂದ, ೧೮೨೪ರಲ್ಲಿ ಹೈದರಾಬಾದಿನ ನಿಜಾಮನ ದಂಡಿನಲ್ಲಿ ಅವನಿಗೆ ಅಧಿಕಾರಿಯ ಪದವಿ ದೊರೆಯಿತು. ಅವನು ಕಂಪೆನಿಯ ಸ್ವಂತ ಸೇನೆಯ ಅಧಿಕಾರಿಯಲ್ಲ. ಕಂಪೆನಿಯ ಪರೀಕ್ಷೆ, ಒಡಂಬಡಿಕೆಗಳ ಮೂಲಕ ಬಂದ ಆಡಳಿತಗಾರನೂ ಅಲ್ಲ. ಭಾಷೆಗಳನ್ನೂ ನ್ಯಾಯಶಾಸ್ತ್ರವನ್ನೂ ಭೂಮಾಪನವನ್ನೂ ತಾನಾಗಿಯೇ ಕಲಿತು ಮೇಲಕ್ಕೆ ಬಂದವನು. ಹೈದರಾಬಾದಿನ ಪ್ರಸಿದ್ಧ ಸಾಹುಕಾರ ವಿಲಿಯಂ ಪಾಮರನ ಮಗಳಾದ ಮೇರಿಯನ್ನು ೧೮೩೨ರಲ್ಲಿ ಮದುವೆಯಾದನು. ಆ ಮನೆತನದಲ್ಲಿ ಹಿಂದೂಸ್ಥಾನದ ರಕ್ತವೂ ಬೆರೆತಿದ್ದಿತು. ಸ್ವದೇಶಕ್ಕೆ ರಜೆಯ ಮೇಲೆ ಹೋಗಿದ್ದಾಗ, ೧೮೩೯ರಲ್ಲಿ, 'ಒಬ್ಬ ಠಗ್ಗನ ತಪ್ಪೊಪ್ಪಿಗೆಗಳು' ಎಂಬ ಕಾದಂಬರಿಯನ್ನು ಪ್ರಕಟಿಸಿ ಒಮ್ಮೆಲೇ ಖ್ಯಾತಿವಂತನಾದನು. ಅಲ್ಲದೆ ೧೮೪೦ರಿಂದ ೧೮೫೩ರವರೆಗೆ ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಲೇಖನಗಳನ್ನು ಕಳುಹಿಸುವ ಬಾತ್ಮೀದಾರನೂ ಆಗಿದ್ದನು.

ಇಂತಹವನನ್ನು ಹೈದರಾಬಾದಿನ ರೆಸಿಡೆಂಟನಾಗಿದ್ದ ಜನರಲ್ ಫ್ರೇಸರನು ೧೮೪೧ರಲ್ಲಿ ಸುರಪುರಕ್ಕೆ ರಾಜಕೀಯ ಪ್ರತಿನಿಧಿಯನ್ನಾಗಿ ಕಳುಹಿಸಿದನು. ರಾಜಾ ಕೃಷ್ಣಪ್ಪ ನಾಯಕನು ತೀರಿಕೊಂಡಿದ್ದನು. ಮಗ ವೆಂಕಟಪ್ಪನು ಏಳು ವರ್ಷಗಳ ಹುಡುಗ. ವಿಧವೆಯಾದ ರಾಣಿ ಈಶ್ವರಮ್ಮನು ಆಡಳಿತವು ತನ್ನ ಕೈಯಲ್ಲಿಯೇ ಇರಬೇಕೆಂದಳು. ರೆಸಿಡೆನ್ಸಿಯು ಮೃತರಾಜನ ತಮ್ಮನಾದ ಪಿಡ್ಡ ನಾಯಕನ ಪಕ್ಷವನ್ನು ಹಿಡಿಯಿತು. ಮುಂದೆ ಪಿಡ್ಡ ನಾಯಕನೂ ಮೃತನಾಗಲು, ಸಂಸ್ಥಾನದ ಸರ್ವಾಧಿಕಾರವೂ ಟೇಲರನ ಕೈಗೆ ಬಂದು, ೧೮೫೩ರವರೆಗೆ ಅಲ್ಲಿಯೇ ಉಳಿಯಿತು.

ಈ ಪದವಿಯ ವೈಚಿತ್ರ್ಯವನ್ನು ಗಮನಿಸಬೇಕು. ಅವನಿಗೆ ಸಂಬಳ ಕೊಡುವವನು ನಿಜಾಮನು. ಆಜ್ಞೆ ಮಾಡುವವನು ಕಂಪೆನಿಯ ರೆಸಿಡೆಂಟನು. ಕಾಪಾಡಬೇಕಾದುದು ಅಪ್ರಾಪ್ತವಯಸ್ಕನಾದ ಬೇಡರಾಜನ ಹಿತ. ಈ ಮೂವರ ಹಿತಗಳೂ ಒಂದೇ ದಾರಿಯಲ್ಲಿ ನಡೆಯತಕ್ಕವಲ್ಲ. ನಿಜಾಮನ ಸರ್ಕಾರವು ಕಪ್ಪಕಾಣಿಕೆ ನಜರಾಣೆಗಳ ಬಾಕಿಯನ್ನು ಕೇಳುತ್ತಿದ್ದಿತು. ರೆಸಿಡೆನ್ಸಿಯು ಗಲಭೆಯಿಲ್ಲದಿರುವುದನ್ನು ಬಯಸುತ್ತಿದ್ದಿತು. ಸಂಸ್ಥಾನಕ್ಕೆ ಬೇಕಾದುದು ತನ್ನ ಹಳೆಯ ಮರ್ಯಾದೆ ಮತ್ತು ಸ್ವಾತಂತ್ರ್ಯ. ಬೇಡರು ಆ ಮರ್ಯಾದೆಯನ್ನು ಸುಲಭವಾಗಿ ಪಡೆದವರಲ್ಲ. ೧೭೦೫ರಲ್ಲಿ ಸುರಪುರದ ಸಮೀಪದ ವಾಗಿಣಗೇರಿಯ ಕೋಟೆಯ ಮುಂದೆ ಮುಪ್ಪಿನ ಔರಂಗಜೇಬನೇ ಸ್ವತಃ ದಂಡು ತಂದು ನಿಲ್ಲಬೇಕಾಗಿದ್ದಿತು. ಅದೇ ಆ ಬಾದಶಹನ ಕಡೆಯ ಮುತ್ತಿಗೆ. ಅಂತಹ ಜನರ ನಡುವೆ ಮೂವರು ಒಡೆಯರ ಸೇವಕನಾಗಿ ಹನ್ನೆರಡು ವರ್ಷ ಕಳೆದವನು ತನ್ನ ಕಥೆಯನ್ನು ಬರೆಯುವಾಗ, ನಡೆದುದನ್ನು ತಿಳಿಸುವುದರ ಜೊತೆಗೆ ತಾನು ಮಾಡಿದುದು ಸರಿಯೆಂದು ಸಮರ್ಥಿಸುವ ಅವಶ್ಯಕತೆಯೂ ಅವನಿಗೆ ಇದ್ದಿತು. ಆದುದರಿಂದ ಆ ಗ್ರಂಥದಲ್ಲಿ ಇಬ್ಬರು ಮಾತನಾಡುತ್ತಾರೆ: ಕಂಡುದನ್ನು ಕಂಡಂತೆ ಹೇಳುವ ದಂಡಿನ ಅಧಿಕಾರಿಯೊಬ್ಬನು, ಕಾರ್ಯದ ಫಲವನ್ನು ಸಮರ್ಥಿಸುವ ರಾಯಭಾರಿಯೊಬ್ಬನು. ಈ ಇಬ್ಬರ ಮಾತುಗಳನ್ನು ಬೇರ್ಪಡಿಸುವುದೇ ವಿಮರ್ಶಕನ ಕೆಲಸ.

೩

ಮೊದಲನೆಯವನ ಸಾಮರ್ಥ್ಯವು ಅಲ್ಪವಲ್ಲ. ಬೆಟ್ಟಗಳ ನಡುವೆ ಅಡಗಿರುವ ಸುರಪುರದ ಇರವು, ಅರಮನೆಯ ಮುಂದೆ ಆಯುಧಪಾಣಿಗಳಾಗಿ ನೆರೆದ ಬೇಡರು, ಕೃಷ್ಣಾನದಿಯು ಜಲದುರ್ಗದ ಬಳಿ ಬಂಡೆಗಳ ಮೇಲೆ ಧುಮುಕುವ ಭಯಂಕರ ರಮಣೀಯ ದೃಶ್ಯ, ಬೋನಾಳದ ಕೆರೆ, ಹೊಲಗದ್ದೆಗಳ ಸ್ಥಿತಿ, ಇವೆಲ್ಲವೂ ಹತ್ತಿರದಿಂದ ನೋಡಿದವನ ಕಣ್ಣಿಗೆ ಮಾತ್ರ ತೋರತಕ್ಕವು. ಪಾಮ ನಾಯಕನ ಕಾಲದ್ದೆಂದು ಹೇಳುವ ಬೋನಾಳದ ಕೆರೆಯನ್ನು ಟೇಲರನು ಸುಧಾರಿಸಿದನೆಂಬುದೂ, ಸುರಪುರದ ಗುಡ್ಡದ ಮೇಲೆ ಅವನು ಕಟ್ಟಿಸಿಕೊಂಡ ಬಂಗಲೆಯು 'ಟೇಲರ್ ಮಂಜಿಲ್' ಎಂಬ ಹೆಸರಿನಿಂದ ಉಳಿದಿರುವುದೂ ಅವನ ಆಡಳಿತವು ಬರಿಯ ಕಾಗದದ ಮೇಲಿನದಲ್ಲವೆಂಬುದಕ್ಕೆ ಸಾಕ್ಷಿಗಳು.

ಈ ಕಣ್ಣಿನ ಶಿಸ್ತು ಎಷ್ಟರದೆಂಬುದು ಅವನ ಆತ್ಮಚರಿತ್ರೆಗಿಂತಲೂ ಅವನ ಪ್ರಾಕ್ತನ ಸಂಶೋಧನೆಗಳಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಸುರಪುರ ಸೀಮೆಯ ರಾಜನಕೋಳೂರು, ಹಗರಟಗಿ, ಶಹಾಪುರದ ಹತ್ತಿರದ ವಿಭೂತಿಹಳ್ಳಿ, ಭೀಮಾತೀರದ ಫಿರೋಜಾಬಾದಿನ ಬಳಿಯ ಜೇವರಗಿ ಮೊದಲಾದ ಸ್ಥಳಗಳಲ್ಲಿರುವ ಬೃಹತ್ ಶಿಲಾಸಮಾಧಿಗಳನ್ನೂ ಕಲ್ಲುಸಾಲುಗಳನ್ನೂ ಅವನು ಪರೀಕ್ಷಿಸಿ, ಕೆಲವನ್ನು ಅಗೆಯಿಸಿ, ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿಯೂ ಐರ್ಲೆಂಡಿನ ರಾಯಲ್ ಅಕಾಡೆಮಿಯ ಪ್ರಕಟನೆಗಳಲ್ಲಿಯೂ ಬರೆದನು. ಜನರು ಇವುಗಳನ್ನು 'ಮೋರಿಯರ ಮನೆ'ಗಳೆಂದು ಕರೆಯುತ್ತ, ಕುಳ್ಳರಾದ ಯಾವುದೋ ಪ್ರಾಚೀನ ಜನಾಂಗವು ಅವುಗಳಲ್ಲಿ ವಾಸಿಸುತ್ತಿದ್ದಿತೆಂದು ನಂಬುತ್ತಿದ್ದರು. ಟೇಲರನು ಸಮಾಧಿಯನ್ನು ಸೀಳಿ ನೋಡಿದಂತೆ ನಕ್ಷೆ ಬರೆದು, ಮೇಲಿನ ಮಣ್ಣು ಯಾವುದು, ಅದರ ಕೆಳಗಣ ಪದರ ಯಾವುದು, ಎಲುಬು, ಮಡಕೆಗಳು ಯಾವ ಪದರದಲ್ಲಿ ದೊರೆತವು ಎಂಬುದನ್ನು ಬೇರೆ ಬೇರೆಯಾಗಿ ಗುರುತಿಸಿದನು. ಅವನ ಸಮಕಾಲೀನರು ನಿಧಿಗಾಗಿ ಅಗೆಯುವಂತೆ ಅಗೆಯುತ್ತಿದ್ದ ಕಾಲವದು. ಹೈದರಾಬಾದಿನ ಪುರಾತತ್ತ್ವ ಇಲಾಖೆಯು ಆ ಲೇಖನಗಳನ್ನು ೧೯೪೧ರಲ್ಲಿ ಪುನರ್ಮುದ್ರಿಸಿತು. ೧೯೫೪ರಲ್ಲಿ ಮಾರ್ಟಿಮರ್ ವ್ಹೀಲರನು ಉತ್ಖನನ ವಿಧಾನವನ್ನು ಕುರಿತ ತನ್ನ ಗ್ರಂಥದಲ್ಲಿ ಟೇಲರನ ನಕ್ಷೆಯನ್ನು ಉದಾಹರಿಸಿ, ಕಾಲಕ್ಕೆ ಮೀರಿದ ಕೆಲಸವೆಂದು ಮನ್ನಿಸಿದನು.

ಪದರಗಳನ್ನು ಬೆರೆಸದಿರುವ ಈ ವಿವೇಕವನ್ನು ಟೇಲರನ ಸ್ವಂತ ಗ್ರಂಥಕ್ಕೂ ಅನ್ವಯಿಸಬೇಕು. ಅಲ್ಲಿ ಮೂರು ಪದರಗಳಿವೆ. ಅವನು ತಾನೇ ಕಂಡುದು ಒಂದು. ಇತರರಿಂದ ಕೇಳಿ ನಂಬಿದುದು ಎರಡು. ಬಹುಕಾಲದ ಮೇಲೆ, ಮುಪ್ಪಿನಲ್ಲಿ, ಎಲ್ಲವೂ ಮುಗಿದುಹೋದುದನ್ನು ತಿಳಿದು ಕಟ್ಟಿದ ಅರ್ಥ ಮೂರು. ಮೊದಲನೆಯದನ್ನು ಓದುವಾಗ ಉಂಟಾಗುವ ವಿಶ್ವಾಸವು ತಿಳಿಯದಂತೆಯೇ ಎರಡನೆಯದಕ್ಕೂ ಮೂರನೆಯದಕ್ಕೂ ಹರಿದುಬಿಡುವುದು ಈ ಗ್ರಂಥದ ಆಕರ್ಷಣೆಯೂ ಹೌದು, ಅಪಾಯವೂ ಹೌದು.

೪

ರಾಣಿ ಈಶ್ವರಮ್ಮನ ಪ್ರಕರಣವನ್ನು ಮೊದಲು ನೋಡಬಹುದು. ಟೇಲರನ ಬರಹದಲ್ಲಿ ಆಕೆ ಚಪಲಚಿತ್ತೆ, ದುರ್ಮಂತ್ರಿಗಳ ವಶವರ್ತಿನಿ, ಶೀಲವಿಲ್ಲದವಳು, ಮಗನ ಹಿತವನ್ನು ಬಗೆಯದವಳು. ಆಕೆಯ ಮಾತು ಗ್ರಂಥದಲ್ಲಿ ಎಲ್ಲಿ ಬಂದರೂ ಅದು ಟೇಲರನ ಲೇಖನಿಯಿಂದಲೇ ಇಳಿಯುತ್ತದೆ. ಆಕೆಯನ್ನು ಅಧಿಕಾರದಿಂದ ದೂರಮಾಡಿದವನು ಅವನೇ ಎಂಬುದನ್ನು ಇಲ್ಲಿ ಮರೆಯಲಾಗದು. ಪದಚ್ಯುತಿಯನ್ನು ಸಮರ್ಥಿಸಬೇಕಾದವನು ಪದಚ್ಯುತಳಾದವಳ ಶೀಲವನ್ನು ಕುರಿತು ಹೇಳುವ ಮಾತು, ನಿಜವೇ ಆಗಿದ್ದರೂ, ಇತರ ಸಾಕ್ಷ್ಯವಿಲ್ಲದೆ ಸ್ವೀಕಾರಾರ್ಹವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕಿತ್ತೂರು, ಝಾನ್ಸಿ ಮೊದಲಾದೆಡೆಗಳಲ್ಲಿಯೂ ವಿಧವೆಯರಾದ ರಾಣಿಯರು ಉತ್ತರಾಧಿಕಾರಕ್ಕಾಗಿ ಕಂಪೆನಿಯೊಡನೆ ವಾದಿಸಬೇಕಾಯಿತು. ಸುರಪುರದ ರಾಣಿ ಕೇಳಿದುದೂ ಮಗನ ಹೆಸರಿನಲ್ಲಿ ತಾಯಿ ಆಳುವ ಹಕ್ಕನ್ನು. ಆ ಬೇಡಿಕೆಯು ನ್ಯಾಯವೋ ಅನ್ಯಾಯವೋ ಎಂಬ ರಾಜಕೀಯ ಪ್ರಶ್ನೆಯು, ಆಕೆಯ ನಡತೆ ಒಳ್ಳೆಯದೋ ಕೆಟ್ಟದೋ ಎಂಬ ಪ್ರಶ್ನೆಯ ಹಿಂದೆ ಮರೆಯಾಗಿರುವುದು ಟೇಲರನ ಕಥನದ ದೋಷ. ಸುರಪುರದ ಇತಿಹಾಸವನ್ನು ಬರೆಯುವವರು ಈ ಚಿತ್ರವನ್ನು ಪರಿಶೀಲಿಸದೆ ಎತ್ತಿಕೊಂಡರೆ ಅದೇ ದೋಷಕ್ಕೆ ಭಾಗಿಗಳಾಗುವರು.

೫

ಇದಕ್ಕಿಂತ ಗುರುತರವಾದುದು ರಾಜಾ ವೆಂಕಟಪ್ಪ ನಾಯಕನ ಪ್ರಕರಣ. ೧೮೫೩ರಲ್ಲಿ ಟೇಲರನು ಸಂಸ್ಥಾನವನ್ನು ತರುಣರಾಜನಿಗೆ ಒಪ್ಪಿಸಿ, ಅದೇ ವರ್ಷ ಕಂಪೆನಿಯ ಆಡಳಿತಕ್ಕೆ ಬಂದ ನಳದುರ್ಗದ ಜಿಲ್ಲೆಗೆ ಹೊರಟುಹೋದನು. ೧೮೫೭ರಲ್ಲಿ ಉತ್ತರದಲ್ಲಿ ದಂಗೆಯೆದ್ದಾಗ ಸುರಪುರದಲ್ಲಿಯೂ ಬೇಡರು, ಅರಬರು, ರೋಹಿಲರು ಸೇರತೊಡಗಿದರು. ರೆಸಿಡೆನ್ಸಿಯು ಕ್ಯಾಪ್ಟನ್ ಕ್ಯಾಂಪ್‌ಬೆಲ್ಲನನ್ನು ಅಲ್ಲಿಗೆ ಕಳುಹಿಸಿತು. ೧೮೫೮ರ ಫೆಬ್ರವರಿ ೭ರ ರಾತ್ರಿ ಕ್ಯಾಪ್ಟನ್ ವಿಂಡ್ಹಮನ ಪಾಳೆಯದ ಮೇಲೆ ದಾಳಿಯಾಯಿತು. ಮರುದಿನದ ಕಾಳಗದಲ್ಲಿ ಮದರಾಸಿನ ಕುದುರೆದಂಡಿನ ಕ್ಯಾಪ್ಟನ್ ನ್ಯೂಬೆರಿ ಸತ್ತನು. ರಾಜನು ಹೈದರಾಬಾದಿಗೆ ತಪ್ಪಿಸಿಕೊಂಡು ಹೋಗಿ, ಅಲ್ಲಿ ಸೆರೆಸಿಕ್ಕಿ, ಮಂತ್ರಿ ಸಾಲಾರ್ ಜಂಗನ ಮೂಲಕ ರೆಸಿಡೆಂಟನ ವಶವಾದನು. ವಿಚಾರಣೆಯಲ್ಲಿ ಮರಣದಂಡನೆ ವಿಧಿಸಲ್ಪಟ್ಟಿತು. ರೆಸಿಡೆಂಟನಾದ ಕರ್ನಲ್ ಡೇವಿಡ್‌ಸನ್ನನು ಅದನ್ನು ಆಜೀವ ದೇಶಾಂತರ ಶಿಕ್ಷೆಗೆ ಇಳಿಸಿದನು. ಗವರ್ನರ್ ಜನರಲನು ಇನ್ನೂ ಇಳಿಸಿ, ಚೆಂಗಲ್ಪಟ್ಟಿನ ಕೋಟೆಯಲ್ಲಿ ನಾಲ್ಕು ವರ್ಷ ಸೆರೆಯಿರಬೇಕೆಂದೂ, ಯೋಗ್ಯನಾಗಿ ತೋರಿದರೆ ಬಳಿಕ ಸಂಸ್ಥಾನವನ್ನು ಹಿಂದಕ್ಕೆ ಕೊಡಬಹುದೆಂದೂ ಗೊತ್ತುಮಾಡಿದನು. ಆದರೆ ಸಿಕಂದರಾಬಾದಿನಿಂದ ಹೊರಟ ಪ್ರಯಾಣದ ಮೊದಲ ತಂಗುದಾಣದಲ್ಲಿಯೇ, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ರಾಜನು ತಾನೇ ಗುಂಡು ಹೊಡೆದುಕೊಂಡು ಸತ್ತನೆಂದು ಟೇಲರನು ಬರೆಯುತ್ತಾನೆ. ೧೮೬೦ರಲ್ಲಿ ಸುರಪುರವು ನಿಜಾಮನಿಗೆ ಕೊಡಲ್ಪಟ್ಟು, ಸಂಸ್ಥಾನವೆಂಬುದು ಇಲ್ಲವಾಯಿತು.

ಈ ಕಥೆಯೊಳಗೆ ಟೇಲರನು ಒಂದು ಭವಿಷ್ಯವಾಣಿಯನ್ನು ಹೆಣೆದಿದ್ದಾನೆ. ರಾಜನು ತನ್ನ ಇಪ್ಪತ್ತನಾಲ್ಕನೆಯ ವರ್ಷವನ್ನು ದಾಟುವುದಿಲ್ಲವೆಂದು ಜಾತಕದಲ್ಲಿರುವುದಾಗಿ ಒಬ್ಬ ಬ್ರಾಹ್ಮಣನು ಹಿಂದೆಯೇ ಅವನಿಗೆ ತಿಳಿಸಿದ್ದನಂತೆ. ಶಿಕ್ಷೆಯು ಇಳಿದ ಸುದ್ದಿ ಬಂದಾಗ ಭವಿಷ್ಯವು ಸುಳ್ಳಾಯಿತೆಂದು ಟೇಲರನು ಹೇಳಿದರೂ ಬ್ರಾಹ್ಮಣನು ಒಪ್ಪಲಿಲ್ಲವಂತೆ. ಅನಂತರ ಮರಣವಾರ್ತೆಯೇ ಬಂದಿತಂತೆ. ಗ್ರಂಥದಲ್ಲಿ ಓದುಗರ ಮನಸ್ಸನ್ನು ಅತ್ಯಂತ ಸೆಳೆಯುವ ಭಾಗ ಇದು. ಬೇರೆ ಬರಹಗಳಲ್ಲಿ ಮತ್ತೆ ಮತ್ತೆ ಹೇಳಲ್ಪಡುವುದೂ ಇದೇ. ಪದರಗಳನ್ನು ಬಿಡಿಸಿ ನೋಡಿದರೆ, ಅಂತಹ ಜಾತಕವೊಂದಿದ್ದು ಅರಮನೆಯಲ್ಲಿ ಅದನ್ನು ನಂಬಿದ್ದರೆಂಬುದು ಸಂಭವನೀಯ. ಬ್ರಾಹ್ಮಣನೊಡನೆ ಮಾತು ನಡೆದುದಕ್ಕೆ ಟೇಲರನೊಬ್ಬನೇ ಸಾಕ್ಷಿ. ರಾಜನ ಮರಣವನ್ನಾದರೋ ಅವನು ಕಂಡವನಲ್ಲ. ಅದು ಅವನಿಗೆ ರೆಸಿಡೆನ್ಸಿಯಿಂದ ತಿಳಿದುಬಂದ ವಾರ್ತೆ. ಡೇರೆಯೊಳಗೆ ನಡೆದುದನ್ನು ವರ್ಣಿಸುವಾಗಲೂ ಅವನು, ಅರಮನೆಯ ಮುಂದೆ ತಾನೇ ನಿಂತು ಕಂಡುದನ್ನು ವರ್ಣಿಸುವಷ್ಟೇ ನಿಶ್ಚಿತವಾದ ಧ್ವನಿಯಲ್ಲಿ ಬರೆಯುತ್ತಾನೆ. ರಾಜನನ್ನು ಇಂಗ್ಲಿಷರೇ ಕೊಲ್ಲಿಸಿದರೆಂಬ ಮಾತು ಸುರಪುರದ ಕಡೆಯಲ್ಲಿ ಹುಟ್ಟಿ ಬೆಳೆದುದಕ್ಕೆ ಇಲ್ಲಿ ಎಡೆಯಿದೆ. ಆ ಮಾತಿಗೆ ಟೇಲರನ ಗ್ರಂಥವು ಆಧಾರವನ್ನು ಕೊಡುವುದಿಲ್ಲ. ಅದನ್ನು ನಿರಾಕರಿಸುವಷ್ಟು ಪ್ರತ್ಯಕ್ಷ ಸಾಕ್ಷ್ಯವನ್ನೂ ಕೊಡುವುದಿಲ್ಲ.

ಭವಿಷ್ಯವಾಣಿಯ ಕಥೆಯಿಂದ ಇನ್ನೊಂದು ಹಾನಿಯೂ ಆಗಿದೆ. ವಿಧಿಲಿಖಿತವೆಂದ ಮೇಲೆ ಕಾರಣವನ್ನು ಯಾರೂ ಹುಡುಕುವುದಿಲ್ಲ. ಏಳನೆಯ ವಯಸ್ಸಿನಿಂದ ಹತ್ತೊಂಬತ್ತರವರೆಗೆ ರಾಜನು ಬೆಳೆದುದು ಟೇಲರನ ಮೇಲ್ವಿಚಾರಣೆಯಲ್ಲಿ. ಅವನನ್ನು ಅವನು 'ಅಪ್ಪ' ಎಂದೇ ಕರೆಯುತ್ತಿದ್ದನು. ಹನ್ನೆರಡು ವರ್ಷ ಎಲ್ಲ ನಿರ್ಣಯಗಳನ್ನೂ ಇನ್ನೊಬ್ಬನೇ ಮಾಡುತ್ತಿದ್ದ ಸಂಸ್ಥಾನವು ಒಂದೇ ದಿನದಲ್ಲಿ ತರುಣನ ಹೆಗಲಿಗೆ ಬಿದ್ದಿತು. ತಾಯಿಯ ಪಕ್ಷವು ಮುರಿದಿದ್ದಿತು, ಚಿಕ್ಕಪ್ಪನು ಸತ್ತಿದ್ದನು, ಹಳೆಯ ಮುತ್ಸದ್ದಿಗಳ ಬಲ ಕುಗ್ಗಿದ್ದಿತು. ದುಷ್ಟರ ಸಹವಾಸದಿಂದ ರಾಜನು ಕೆಟ್ಟನೆಂದು ಟೇಲರನು ಹೇಳುವುದು ನಿಜವಿರಬಹುದು. ಆದರೆ ಸಜ್ಜನರ ಸಹವಾಸವನ್ನು ಅವನಿಗೆ ಉಳಿಸಿದ್ದವರು ಯಾರು? ಈ ಪ್ರಶ್ನೆಯು ಗ್ರಂಥದಲ್ಲಿ ಸಾಕಷ್ಟು ವಿಚಾರಕ್ಕೆ ಬಂದಿಲ್ಲ. ತನ್ನ ಆಡಳಿತದ ಗುಣವನ್ನು ಕೆರೆ, ರಸ್ತೆ, ಕಂದಾಯಗಳಿಂದ ಅಳೆದ ಟೇಲರನು, ಅದು ಆಳುವವನೊಬ್ಬನನ್ನು ಸಿದ್ಧಪಡಿಸಿತೇ ಎಂಬುದರಿಂದ ಅಳೆಯಲಿಲ್ಲ.

೬

ಇಷ್ಟಾದರೂ ಗ್ರಂಥವನ್ನು ತಳ್ಳಿಹಾಕುವವರ ಪಕ್ಷವು ನಿಲ್ಲುವುದಿಲ್ಲ. ಸಾಕ್ಷಿಯು ತನ್ನ ಹಿತಕ್ಕೆ ವಿರುದ್ಧವಾಗಿ ನುಡಿದ ಮಾತಿಗೆ ಬೆಲೆ ಹೆಚ್ಚೆಂಬುದು ಪ್ರಮಾಣಶಾಸ್ತ್ರದ ನಿಯಮ. ಸಿಕಂದರಾಬಾದಿನ ಸೆರೆಯಲ್ಲಿ ಟೇಲರನು ರಾಜನನ್ನು ಸ್ವತಃ ಕಂಡನು. ರಾಜನನ್ನು ಪ್ರೇರೇಪಿಸಿದವರ ಹೆಸರು ಹೊರಬೀಳಬೇಕೆಂಬುದು ಅಧಿಕಾರಿಗಳ ಬಯಕೆಯಾಗಿದ್ದಿತು; ರಾಜನು ಯಾರ ಹೆಸರನ್ನೂ ಹೇಳಲಿಲ್ಲ. ಸಾವಿಗೆ ಹೆದರುವವನು ತಾನಲ್ಲ, ಆದರೆ ಕಳ್ಳನಂತೆ ಗಲ್ಲಿಗೇರುವುದು ಬೇಡ ಎಂಬುದಷ್ಟೇ ಅವನ ಬಿನ್ನಹವಾಗಿದ್ದಿತು. ಇದನ್ನು ಬರೆದಿಟ್ಟವನು ಟೇಲರನೇ. ರಾಜನನ್ನು ಕೇವಲ ಮೂಢನೆಂದು ಚಿತ್ರಿಸುವುದೇ ಅವನ ಉದ್ದೇಶವಾಗಿದ್ದರೆ ಈ ಭಾಗವನ್ನು ಬಿಟ್ಟುಬಿಡಬಹುದಾಗಿತ್ತು. ಕಂಪೆನಿಯ ಪಕ್ಷದವನ ಲೇಖನಿಯಿಂದಲೇ ರಾಜನ ಸ್ಥೈರ್ಯಕ್ಕೆ ಸಾಕ್ಷ್ಯ ದೊರೆತಿರುವಾಗ, ಸುರಪುರದ ಅಭಿಮಾನಿಗಳು ಆ ಗ್ರಂಥವನ್ನು ದೂರವಿಡುವುದು ತಮ್ಮ ನಿಧಿಯನ್ನು ತಾವೇ ಹೂಳಿದಂತೆ.

ಇಲ್ಲಿ ರಾಯಭಾರಿಯ ದನಿ ಅಡಗಿ, ಸಾಕಿದವನ ದನಿ ಕೇಳಿಸುತ್ತದೆ. ಈ ದನಿಯನ್ನು ಗುರುತಿಸುವುದಕ್ಕೆ ಅವನ ಕಾದಂಬರಿಗಳು ಸಹಾಯಕವಾಗುತ್ತವೆ. 'ಒಬ್ಬ ಠಗ್ಗನ ತಪ್ಪೊಪ್ಪಿಗೆಗಳು' ಎಂಬುದರಲ್ಲಿ ಕಥೆಯನ್ನು ಹೇಳುವವನು ಅಪರಾಧಿಯಾದ ಅಮೀರ್ ಅಲಿಯೇ. ಸಾಹೇಬನು ಬಹುಮಟ್ಟಿಗೆ ಕೇಳುವವನು ಮಾತ್ರ. ಅವನ ಮರಣಾನಂತರ ೧೮೭೮ರಲ್ಲಿ ಬಂದ, ಚಾಂದಬೀಬಿಯ ಕಾಲದ ಕಥೆಯಾದ 'ಒಬ್ಬ ಉದಾತ್ತ ರಾಣಿ' ಎಂಬ ಕಾದಂಬರಿಯಲ್ಲಿ ಜಲದುರ್ಗದ ಸೀಮೆಯೂ ರಂಗ ನಾಯಕನೆಂಬ ಬೇಡರ ಮುಖಂಡನೂ ಬರುತ್ತಾರೆ. ಆ ಬೇಡನು ಶೂರನೂ ಸ್ವಾಮಿಭಕ್ತನೂ ಆಗಿದ್ದಾನೆ. ಆತ್ಮಚರಿತ್ರೆಯಲ್ಲಿ ಹೆಚ್ಚಾಗಿ ಶಾಂತಿಭಂಗಕರ ಗುಂಪಾಗಿ ಕಾಣುವ ಬೇಡರು ಕಾದಂಬರಿಯಲ್ಲಿ ಮನುಷ್ಯರಾಗಿ ಕಾಣುತ್ತಾರೆ. ಸುರಪುರದ ಜನರನ್ನು ಅವನು ಅರಿಯದವನಲ್ಲ, ಪ್ರೀತಿಸದವನೂ ಅಲ್ಲ. ಆದರೆ ಆ ಅರಿವನ್ನು ಪೂರ್ಣವಾಗಿ ನುಡಿಯಲು ಎರಡೂವರೆ ಶತಮಾನ ಹಿಂದಕ್ಕೆ ಹೋಗಬೇಕಾಯಿತು. ೧೮೫೭ರ ದಂಗೆಯ ಮೇಲೆಯೇ ಅವನು 'ಸೀತಾ' ಎಂಬ ಕಾದಂಬರಿಯನ್ನು ೧೮೭೨ರಲ್ಲಿ ಪ್ರಕಟಿಸಿದನು. ಅದರ ರಂಗಸ್ಥಳವಾಗಿ ತಾನು ಕಣ್ಣಾರೆ ಬಲ್ಲ ಸುರಪುರವನ್ನು ಆರಿಸಿಕೊಳ್ಳಲಿಲ್ಲ ಎಂಬುದು ವಿಚಾರಾರ್ಹವಾದ ಸಂಗತಿ.

೭

ಮೇಲಣ ವಿವೇಚನೆಯಿಂದ ಹೊರಡುವ ನಿರ್ಣಯವು ಹೀಗಿದೆ. ೧೮೪೧ರಿಂದ ೧೮೫೩ರವರೆಗಿನ ಸುರಪುರದ ಭೂಸ್ಥಿತಿ, ಕೆರೆ ಕಾಲುವೆ, ಆಡಳಿತಕ್ರಮ, ಜನರ ವೇಷ ಆಚಾರಗಳು, ಪ್ರಾಚೀನ ಅವಶೇಷಗಳು, ಇವುಗಳಿಗೆ ಟೇಲರನ ಬರಹಗಳು ಉತ್ತಮ ಆಧಾರಗಳು. ರಾಣಿ ಈಶ್ವರಮ್ಮನ ಚಾರಿತ್ರ್ಯದ ವಿಷಯದಲ್ಲಿ ಅವನು ಪ್ರತಿವಾದಿಯೇ ಹೊರತು ನ್ಯಾಯಾಧೀಶನಲ್ಲ. ೧೮೫೮ರ ಘಟನೆಗಳಲ್ಲಿ, ಸೆರೆಮನೆಯ ಭೇಟಿಯ ಮಟ್ಟಿಗೆ ಅವನು ಪ್ರತ್ಯಕ್ಷಸಾಕ್ಷಿ, ಉಳಿದುದರಲ್ಲಿ ಕೇಳಿದವನು. ಭವಿಷ್ಯವಾಣಿಯು ಸಾಹಿತ್ಯದ ಸ್ವತ್ತು. ಇತಿಹಾಸದ ಕಾರಣಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿಲ್ಲ.

ಹೆನ್ರಿ ರೀವನಿಗೆ ಟೇಲರನು ಬರೆದ ಪತ್ರಗಳನ್ನು ಪ್ಯಾಟ್ರಿಕ್ ಕ್ಯಾಡೆಲ್ಲನು ೧೯೪೭ರಲ್ಲಿ ಸಂಪಾದಿಸಿ ಪ್ರಕಟಿಸಿದನು. ಮುಪ್ಪಿನ ನೆನಪಿಗೂ ಆಯಾ ಕಾಲದ ಪತ್ರಗಳಿಗೂ ಇರುವ ಅಂತರವನ್ನು ಸಾಲುಸಾಲಾಗಿ ಹೋಲಿಸುವುದು ಕನ್ನಡ ವಿದ್ವಾಂಸರು ಕೈಗೊಳ್ಳಬೇಕಾದ ಮೊದಲ ಕೆಲಸ. ಅದರೊಡನೆ ಯಾದಗಿರಿ, ಶಹಾಪುರ, ಸುರಪುರ ಸೀಮೆಗಳ ಮನೆತನಗಳಲ್ಲಿಯೂ ಮಠ ದೇವಾಲಯಗಳಲ್ಲಿಯೂ ಇರಬಹುದಾದ ಕಡತ, ಸನದು, ಬಖೈರುಗಳನ್ನೂ ಜನರ ಬಾಯಲ್ಲಿರುವ ಐತಿಹ್ಯಗಳನ್ನೂ ಸಂಗ್ರಹಿಸಬೇಕು. ವಾಗಿಣಗೇರಿಯಲ್ಲಿ ಬಾದಶಹನನ್ನು ಎದುರಿಸಿ ನಿಂತ ವಂಶದ ಕೊನೆಯ ರಾಜನನ್ನು ಕುರಿತು, ಅವನನ್ನು ಪ್ರೀತಿಸಿದ, ಆದರೆ ಅವನ ರಾಜ್ಯವನ್ನು ಉಳಿಸಲಾರದೆ ಹೋದ ಪರದೇಶದ ಅಧಿಕಾರಿಯೊಬ್ಬನ ಮಾತಿನ ಜೊತೆಗೆ ಸುರಪುರದ ಮಾತೂ ದಾಖಲೆಯಲ್ಲಿ ಬರುವಂತಾದರೆ ಮಾತ್ರ ಆ ಇತಿಹಾಸವು ಪೂರ್ಣವಾಗುವುದು.